ಗಾಳಿ ಸೆನ್ಸರ್ ಮನೇಲೇ ಮಾಡ್ಕೊಂಡವರು ಅನುಭವ ಹೇಳಿ

ಹಾಸನದ ಹುಡುಗ: ಅಮ್ಮನಿಗೆ ಅಸ್ತಮಾ. ಬಚ್ಚಲ ಒಲೆ ಹೊಗೆ ಒಳಗೆ ಬಂದ್ರೆ ಎಕ್ಸಾಸ್ಟ್ ಫ್ಯಾನ್ ತಾನೇ ಆನ್ ಆಗಬೇಕು. ಮನೆಯ ಸಾಧನಗಳನ್ನ ತಾನೇ ನಡೆಸೋ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಇದೆ, ಬಜೆಟ್ 3,000. ಯಾವ ಸೆನ್ಸರ್ ತಗೊಳ್ಳಲಿ?

ಮೂಡಿಗೆರೆ ತೋಟದವ: ನಾನು ಎಸ್‌ಡಿಎಸ್011 ಅನ್ನೋ ಲೇಸರ್ ಧೂಳು ಸೆನ್ಸರ್ ತಗೊಂಡೆ, 2,350 ರೂಪಾಯಿ. ಅದರ ರೀಡಿಂಗ್ ವೈಫೈನಲ್ಲಿ ಕಳಿಸೋ ಇಎಸ್‌ಪಿ8266 ಬೋರ್ಡಿಗೆ 380. ಡಬ್ಬ, ಪೈಪು, ಅಡಾಪ್ಟರ್ ಸೇರಿ ಇನ್ನೊಂದು 460. ಜಗಲಿಯಲ್ಲಿ ನೇತುಹಾಕಿದೆ. ಬೇಸಿಗೆ ಪೂರ್ತಿ ಚೆನ್ನಾಗಿತ್ತು. ಮಳೆ ಹಿಡೀತು ನೋಡಿ, ಮಂಜು ಕವಿದ ಬೆಳಿಗ್ಗೆಯೆಲ್ಲ ಪಿಎಂ2.5 (ಗಾಳಿಯಲ್ಲಿರೋ ಅತಿಸಣ್ಣ ಧೂಳಿನ ಕಣ, ಘನ ಮೀಟರಿಗೆ ಮೈಕ್ರೋಗ್ರಾಂ ಲೆಕ್ಕ) ಮುನ್ನೂರು ದಾಟೋದು! ಲೇಸರ್‌ಗೆ ನೀರಿನ ಹನಿಯೂ ಧೂಳೇ. ಡೇಟಾಶೀಟಿನಲ್ಲೇ ತೇವಾಂಶ ಶೇ. 70ರ ಮಿತಿ ಅಂತಿದೆ; ನಮ್ಮ ಕಡೆ ಆಷಾಢದಲ್ಲಿ ಅದಕ್ಕಿಂತ ಕೆಳಗಿಳಿಯೋದೇ ಅಪರೂಪ. ತೇವಾಂಶ ನೋಡಿ ಲೆಕ್ಕ ಸರಿಮಾಡೋಣ ಅಂತ ಬಿಎಂಇ280 ಸೆನ್ಸರ್ ತರಿಸಿದೆ, 420. ಬಂದಿದ್ದು ಬಿಎಂಪಿ280! ಅದು ತೇವಾಂಶ ಅಳೆಯೋದೇ ಇಲ್ಲ. ಚಿಪ್ ತನ್ನ ಗುರುತಿಗೆ ಕೊಡೋ ನಂಬರ್ (ಚಿಪ್ ಐಡಿ) 60 ಇರಬೇಕಾದಲ್ಲಿ 58. ವಾಪಸ್ ಕಳಿಸೋ ಕೊರಿಯರ್ ಖರ್ಚೂ ನನ್ನ ತಲೆಗೇ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬಿಎಂ ರೋಡ್: ಜಗಲಿಗೆ ಯಾಕೆ ಹಾಕಿದ್ರಿ ಸರ್? ನಂದೂ ಧೂಳು ಸೆನ್ಸರೇ, ಪಿಎಂಎಸ್5003, ಹಾಲ್‌ನಲ್ಲಿದೆ, ಈಗಲೂ ಗಟ್ಟಿ. ನಿಮ್ಮ ಎಸ್‌ಡಿಎಸ್ ಲೇಸರ್ ಆಯಸ್ಸು 8,000 ಗಂಟೆ, ಬಿಡದೆ ಓಡಿಸಿದ್ರೆ ವರ್ಷ ತುಂಬಲ್ಲ. ನಾನು ನನ್ನ ಸೆನ್ಸರನ್ನ ನಡುನಡುವೆ ಮಲಗಿಸಿ (ಸ್ಲೀಪ್ ಮೋಡ್), ಎಬ್ಬಿಸಿದ ಮೇಲೆ 30 ಸೆಕೆಂಡ್ ಬಿಟ್ಟು ರೀಡಿಂಗ್ ತಗೋತೀನಿ. ಪಿಎಂ2.5 60ಕ್ಕೆ ಏರಿದ್ರೆ ಫ್ಯಾನ್ ಆನ್, 35ಕ್ಕೆ ಇಳಿದ್ರೆ ಆಫ್. 60 ನಮ್ಮ ದೇಶದ 24 ಗಂಟೆ ಸರಾಸರಿ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15ಕ್ಕೆ ಇಳಿಸಿದೆ.

ಒಗ್ಗರಣೆ: ಇಷ್ಟೆಲ್ಲ ಯಾಕ್ರೀ? ಎಂಕ್ಯೂ135 ಸೆನ್ಸರ್, 160 ರೂಪಾಯಿ. ಎಣ್ಣೆ ಕಾದು ಸಾಸಿವೆ ಸಿಡಿಯೋದರೊಳಗೆ ನಮ್ಮನೇಲಿ ಫ್ಯಾನ್ ತಿರುಗಿರುತ್ತೆ.

ಬಿಎಂ ರೋಡ್: ಅಸ್ತಮಾ ಇರೋರ ಮನೆಗೆ ಅದನ್ನ ಹೇಳಬೇಡಿ! ಅದು ಧೂಳು ಅಳೆಯಲ್ಲ, ಅನಿಲಕ್ಕೆ ಸ್ಪಂದಿಸುತ್ತೆ ಅಷ್ಟೇ. ಅದರಿಂದ ತೋರಿಸೋ ಸಿಒ2 ನಂಬರೂ ಬರೀ ಅಂದಾಜು.

ಒಗ್ಗರಣೆ: ನಂಬರ್ ಯಾರು ಕೇಳಿದ್ರು? ನಮ್ಮಪ್ಪ ಅಡುಗೆ ಹೊತ್ತಲ್ಲಿ ಕೆಮ್ಮೋದು ಕಮ್ಮಿಯಾಗಿದೆ. ದುಡ್ಡು ಸುರಿದೋರಿಗೆ ಅಗ್ಗದ್ದು ಕೆಲಸ ಮಾಡಿದ್ರೆ ಸಹಿಸಲ್ಲ.

ಬಿಎಂ ರೋಡ್: ಮಾತು ಹಿಡಿತದಲ್ಲಿರಲಿ.

ಚಿಕ್ಕಮಗಳೂರು ಅಕ್ಕ: ಜಗಳ ಬಿಟ್ಟು ಆ ಒಲೆ ತೆಗೆಸಿ ಸೋಲಾರ್ ಹಾಕಿಸಿ. ನಾವು ಹಾಕಿಸಿದ ಮೇಲೆ ಬಚ್ಚಲ ಗೋಡೆಗೆ ಮಸಿಯೇ ಇಲ್ಲ.

ಮೂಡಿಗೆರೆ ತೋಟದವ: ಅಕ್ಕ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ಬಿಸಿಲೆಲ್ಲಿದೆ? ಕರೆಂಟ್ ಹೋದ್ರೆ ಗೀಸರೂ ಇಲ್ಲ. ಮರಗಸಿ ಮಾಡಿದ (ತೋಟದ ನೆರಳು ಮರಗಳ ಕೊಂಬೆ ಕಡಿದ) ಸೌದೆ ಅಂಗಳದಲ್ಲೇ ಬಿದ್ದಿರುತ್ತೆ. ಪೇಟೆಯಲ್ಲಿ ಕೂತು ಒಲೆ ತೆಗೀರಿ ಅನ್ನೋದು ಸುಲಭ.

ಚಿಕ್ಕಮಗಳೂರು ಅಕ್ಕ: ನಾನೂ ತೋಟದ ಮನೇಲೇ ಹುಟ್ಟಿದವಳು. ಆ ಹೊಗೆ ಕುಡಿದೋಳು ನಮ್ಮಜ್ಜಿ, ಸೌದೆ ಕಡಿದ ಗಂಡಸರಲ್ಲ.