ಅಪ್‌ಡೇಟ್: ಸ್ಪೈನ್ ಫೆಲೋಶಿಪ್‌ಗೆ ಸೇರಿದೆ

ಎಂ.ಎಸ್. ಆರ್ಥೋ (ಎಲುಬು-ಕೀಲು ಸರ್ಜರಿ) ಆಯ್ತು, ಕಲಬುರಗಿಯಲ್ಲೇ ಕ್ಲಿನಿಕ್ ಇಡಲೋ, ಬೆನ್ನುಮೂಳೆ ಸರ್ಜರಿ ಕಲಿಯೋ ಸ್ಪೈನ್ ಫೆಲೋಶಿಪ್ ಮಾಡಲೋ ಅಂತ ಕೇಳಿದ್ದೆನಲ್ಲ? ಅದರ ಪ್ರವೇಶ ಪರೀಕ್ಷೆ ಎಫ್‌ಇಟಿ ಬರೆದೆ, ಬೆಂಗಳೂರಿನಲ್ಲಿ ಎಫ್‌ಎನ್‌ಬಿ (ನ್ಯಾಷನಲ್ ಬೋರ್ಡ್ ಫೆಲೋಶಿಪ್) ಸೀಟು ಸಿಕ್ಕಿತು. 2 ವರ್ಷ. ‘ಇನ್ನೂ ಓದೋದು ಅದ ಏನಪಾ?’ ಅಂತ ಊರಿಂದ ಅವ್ವ ಫೋನು ಮಾಡಿದಾಗೆಲ್ಲ ಕೇಳ್ತಾಳ.

ಮೊದಲ ತಿಂಗಳುಗಳು ಆಪರೇಷನ್‌ನಲ್ಲಿ ಕೊಯ್ದ ಜಾಗ ಅಗಲಿಸೋ ರಿಟ್ರ್ಯಾಕ್ಟರ್ ಹಿಡಿಯೋದ್ರಲ್ಲೇ ಹೋದವು. ಹೋದ ವಾರ ಸರ್ ಪ್ರೋಬ್ (ತಡವಿ ನೋಡೋ ಸಣ್ಣ ಕಡ್ಡಿ) ಕೈಗೆ ಕೊಟ್ಟರು. ಪೆಡಿಕಲ್‌ನಲ್ಲಿ, ಅಂದ್ರೆ ಬೆನ್ನುಮೂಳೆಯ ಮುಂಭಾಗ-ಹಿಂಭಾಗ ಸೇರಿಸೋ ಎಲುಬಿನ ಕಂಬದಲ್ಲಿ, ಸ್ಕ್ರೂಗೆಂದು ಮಾಡಿದ ತೂತಿನೊಳಗೆ ಅದರ ಗುಂಡು ತುದಿ ಇಳಿಸಿ, ತಳ ಮತ್ತು ನಾಲ್ಕೂ ಗೋಡೆ ತಡವಿ ಹೇಳಬೇಕು. ಒಳಗೋಡೆ ಒಡೆದಿದ್ದರೆ ಆಚೆಗೇ ನರ! ಎಲುಬು ಗರಗರ ಅಂತ ಬೆರಳಿಗೆ ತಿಳೀತು. ‘ಐದೂ ಗಟ್ಟಿ ಅದಾವ್ರಿ’ ಅಂದೆ. ಗಾಬರಿಗೆ ಊರ ಮಾತೇ ಬಂತು. ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡಿದರೆ ಸ್ಕ್ರೂ ಸರಿಯಾಗೇ ಕೂತಿತ್ತು.

ಕ್ಲಿನಿಕ್‌ಗೆ ನೋಡಿದ್ದ ಮಳಿಗೆ ಬಿಟ್ಟುಕೊಟ್ಟೆ.