ಸಹಾಯ ಬೇಕು: ಅಜೆಂಡಾಕ್ಕೆ ವಿಷಯ ಸೇರಿಸಲು ಏನು ನಿಯಮ ಇಟ್ಟಿದ್ದೀರಿ?

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಆಡಳಿತ ಮಂಡಳಿಗೆ ನಾನು ಹೊಸ ಕಾರ್ಯದರ್ಶಿ. ಅಜೆಂಡಾ ಬರೆಯೋದು ಸುಲಭ ಅಂದುಕೊಂಡಿದ್ದೆ, ಸುಮ್ನೆ ಅಲ್ಲ ಅಂತ ಈಗ ಗೊತ್ತಾಗಿದೆ.

ಹೋದ ಸಭೆಯ ಹಿಂದಿನ ರಾತ್ರಿ ಒಬ್ಬ ಸದಸ್ಯರು ವಾಟ್ಸಾಪ್‌ನಲ್ಲಿ ಒಂದೇ ಸಾಲು ಕಳಿಸಿದರು: "ರಿಪೇರಿ ವಿಷಯ ಸೇರಿಸಿ." ಯಾವ ರಿಪೇರಿ, ಎಷ್ಟು ಖರ್ಚು, ಏನೂ ಇಲ್ಲ. ಅಧ್ಯಕ್ಷರು "ಇರಲಿ ಬಿಡಿ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು' ಅಂತ ಕೊನೆಗೆ ತಗೊಳ್ಳೋಣ" ಎಂದರು. ಎಲ್ಲರೂ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದ ಹೊತ್ತು. ಐದೇ ನಿಮಿಷದಲ್ಲಿ ದೊಡ್ಡ ಖರ್ಚಿಗೆ ಒಪ್ಪಿಗೆ ಸಿಕ್ಕಿತು! ಬಾರದಿದ್ದ ಇಬ್ಬರು ಈಗ "ಗೊತ್ತಿದ್ದರೆ ಬರ್ತಿದ್ದೆವು" ಎಂದು ಸಿಟ್ಟಾಗಿದ್ದಾರೆ. ಅವರ ಮಾತೂ ನ್ಯಾಯವೇ ಅಲ್ವಾ?

ನಮ್ಮ ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಸಭೆಯ ನೋಟಿಸ್‌ಗೆ 7 ದಿನ ಅಂತಷ್ಟೇ ಇದೆ. ವಿಷಯ ಯಾರು ಕೊಡಬಹುದು, ಯಾವಾಗ ಕೊಡಬೇಕು ಅನ್ನೋದಿಲ್ಲ. ಸಭೆ ನಡೆಸುವ ಕ್ರಮದ ಬಗ್ಗೆ ಅಮೆರಿಕದ ಹೆಸರಾಂತ ಕೈಪಿಡಿಯಾದ ರಾಬರ್ಟ್ಸ್ ರೂಲ್ಸ್ ಪ್ರಕಾರ ಅಜೆಂಡಾ ಒಪ್ಪಲು ಬಹುಮತ ಸಾಕು, ಒಪ್ಪಿದ ಮೇಲೆ ಬದಲಿಸಲು ಸಾಮಾನ್ಯವಾಗಿ ಮೂರನೇ ಎರಡರಷ್ಟು ಮತ ಬೇಕು. ಅದು ಬಂದವರಿಗೆ ಸರಿ. ಬಾರದವರ ಗತಿ?

ನನ್ನ ಕರಡು ಹೀಗಿದೆ. ವಿಷಯ 10 ದಿನ ಮೊದಲೇ ಬರಹದಲ್ಲಿ ಬರಬೇಕು. ಮಾಹಿತಿಗೋ, ಚರ್ಚೆಗೋ, ತೀರ್ಮಾನಕ್ಕೋ ಎಂದು ಅದರಲ್ಲೇ ಹೇಳಬೇಕು. ತಡವಾಗಿ ಬಂದದ್ದರ ಬಗ್ಗೆ ಮಾತಾಡಬಹುದು, ಆದರೆ ಹಣದ ತೀರ್ಮಾನ ಮುಂದಿನ ಸಭೆಗೆ. ನಿಜವಾಗಿ ತುರ್ತು ಬಂದರೆ ಏನು ಮಾಡೋದು ಎಂಬಲ್ಲೇ ಸಿಕ್ಕಿಬಿದ್ದಿದ್ದೇನೆ.

ಇನ್ನೊಂದು: ಸದಸ್ಯರು ಕೊಟ್ಟ ವಿಷಯವನ್ನು ಅಧ್ಯಕ್ಷರು ಕೈಬಿಡಬಹುದಾ? ಇಬ್ಬರು ಸಹಿ ಹಾಕಿದರೆ ಸೇರಿಸಲೇಬೇಕು ಅಂತ ಇಡೋಣ ಅಂದುಕೊಂಡಿದ್ದೇನೆ. ನಿಮ್ಮ ಬೈಲಾದಲ್ಲಿ ಇಂಥ ಸಾಲು ಇದ್ದರೆ ದಯವಿಟ್ಟು ಇಲ್ಲಿ ಹಾಕಿ.