ಎಕ್ಸಾಂಗೆ 9 ದಿನ ಇದೆ, ಸ್ಟ್ಯಾಟಿಸ್ಟಿಕ್ಸ್ ಫಾರ್ಮುಲಾ ಎಲ್ಲಾ ಬರುತ್ತೆ ಆದ್ರೆ ಲೆಕ್ಕ ಮಾತ್ರ ತಪ್ಪಾಗ್ತಿದೆ

ಕೊನೆಬೆಂಚು_22:

ಎಲ್ರಿಗೂ ನಮಸ್ಕಾರ. ಇನ್ನು 9 ದಿನಕ್ಕೆ ನಂದು ಸ್ಟ್ಯಾಟಿಸ್ಟಿಕ್ಸ್ ಮತ್ತೆ ಪ್ರಾಬಬಿಲಿಟಿ ಪೇಪರ್ ಇದೆ, ಮೊದಲನೇ ವರ್ಷದ್ದು, ಮೀನ್ ಮೀಡಿಯನ್ನಿಂದ ಶುರುವಾಗಿ ಹೈಪಾಥಿಸಿಸ್ ಟೆಸ್ಟಿಂಗ್ ತನಕ ಇದೆ ಪೋರ್ಷನ್. ಫಾರ್ಮುಲಾ ಶೀಟ್ ಪೂರ್ತಿ ಬಾಯಿಪಾಠ ಮಾಡಿದೀನಿ, ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದ್ರೂ ಬೇಯ್ಸ್ ಥಿಯರಮ್ (ಫಲಿತಾಂಶ ನೋಡಿ ಕಾರಣದ ಪ್ರಾಬಬಿಲಿಟಿ ಹೇಳೋ ಫಾರ್ಮುಲಾ) ಹೇಳ್ತೀನಿ, ಆದ್ರೆ ಮಾಕ್ ಟೆಸ್ಟ್ ಬರೆಯೋಕೆ ಕೂತ್ರೆ ಅರ್ಧಕ್ಕರ್ಧ ತಪ್ಪು ಬರ್ತಿದೆ, ಉತ್ತರ ನೋಡಿದ ಮೇಲೆ ಅಯ್ಯೋ ಇಷ್ಟೇನಾ ಅನ್ಸುತ್ತೆ, ಮುಂದಿನ ಲೆಕ್ಕದಲ್ಲಿ ಮತ್ತೆ ಅಲ್ಲೇ ಎಡವ್ತೀನಿ.

ಒಂದು ಉದಾಹರಣೆ ಕೊಡ್ತೀನಿ. ಫ್ಯಾಕ್ಟರಿಲಿ ಎರಡು ಮೆಷೀನ್, ಮೊದಲನೇದು 60% ಬಲ್ಬ್ ಮಾಡುತ್ತೆ, ಅದರಲ್ಲಿ 2% ಕೆಟ್ಟವು. ಎರಡನೇದು 40% ಮಾಡುತ್ತೆ, ಅದರಲ್ಲಿ 5% ಕೆಟ್ಟವು. ಒಂದು ಬಲ್ಬ್ ತೆಗೆದ್ರೆ ಅದು ಕೆಟ್ಟಿದೆ, ಎರಡನೇ ಮೆಷೀನ್‌ದೇ ಆಗಿರೋ ಪ್ರಾಬಬಿಲಿಟಿ ಎಷ್ಟು? ನಾನು ಮೊದಲು 0.05 ಅಂತ ಬರೆದೆ, ತಪ್ಪು. ಆಮೇಲೆ ಗುಣಿಸಿ 0.02 ಅಂದೆ, ಅದೂ ತಪ್ಪು. ಉತ್ತರ 0.625 ಅಂತೆ. ಫಾರ್ಮುಲಾಗೆ ಹಾಕಿದ್ರೆ ಬರುತ್ತೆ, ಸರಿ, ಆದ್ರೆ ನನ್ನ ಎರಡು ಉತ್ತರ ಯಾಕೆ ತಪ್ಪು ಅಂತ ಇನ್ನೂ ತಲೆಗೆ ಹೋಗ್ತಿಲ್ಲ.

ಇನ್ನೂ ಮೂರು ಡೌಟ್ ಇದೆ, ಇಂಡಿಪೆಂಡೆಂಟ್‌ಗೂ ಮ್ಯೂಚುವಲಿ ಎಕ್ಸ್‌ಕ್ಲೂಸಿವ್‌ಗೂ ಏನು ವ್ಯತ್ಯಾಸ, ಸ್ಯಾಂಪಲ್‌ನ ವೇರಿಯನ್ಸ್‌ನಲ್ಲಿ (ಹರಡಿಕೆಯ ಅಳತೆ) ಎನ್, ಅಂದ್ರೆ ಸ್ಯಾಂಪಲ್‌ನಲ್ಲಿರೋ ಸಂಖ್ಯೆಗಳ ಎಣಿಕೆ, ಅದರ ಬದಲು ಎನ್ ಮೈನಸ್ 1ರಿಂದ ಭಾಗಿಸೋದು ಯಾಕೆ, ಪಿ ವ್ಯಾಲ್ಯೂ ಅಂದ್ರೆ ನಿಜವಾಗ್ಲೂ ಏನು. ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಹಳೇ_ಟ್ಯೂಟರ್:

ನಿಮ್ಮ ಎರಡು ತಪ್ಪು ಉತ್ತರನೂ ತುಂಬಾ ಒಳ್ಳೆ ತಪ್ಪು, ಅದನ್ನ ಅಳಿಸಬೇಡಿ, ಅದರಲ್ಲೇ ಇಡೀ ಚಾಪ್ಟರ್ ಇದೆ.

ಪರ್ಸೆಂಟೇಜ್ ಎಲ್ಲಾ ಪಕ್ಕಕ್ಕಿಡಿ. 1000 ಬಲ್ಬ್ ನೆಲದ ಮೇಲೆ ಹರಡಿದೀರ ಅಂದ್ಕೊಳ್ಳಿ. 600 ಮೊದಲನೇ ಮೆಷೀನ್‌ದು, ಅದರಲ್ಲಿ ಕೆಟ್ಟವು 12. 400 ಎರಡನೇದು, ಅದರಲ್ಲಿ ಕೆಟ್ಟವು 20. ಒಟ್ಟು ಕೆಟ್ಟ ಬಲ್ಬ್ 32. ಈಗ ನೋಡಿ, ನೀವು ಬರೆದ 0.05 ಅಂದ್ರೆ 400ರ ಪೈಕಿ 20. ನೀವು ಬರೆದ 0.02 ಅಂದ್ರೆ 1000ದ ಪೈಕಿ 20. ಸರಿ ಉತ್ತರ 0.625 ಅಂದ್ರೆ 32ರ ಪೈಕಿ 20. ಮೂರು ಕಡೆನೂ ಅದೇ 20 ಬಲ್ಬ್! ಕೆಳಗಿರೋ ಸಂಖ್ಯೆ ಮಾತ್ರ ಬೇರೆ. ಪ್ರಶ್ನೆಲಿ "ಬಲ್ಬ್ ಕೆಟ್ಟಿದೆ" ಅಂತ ಆಗ್ಲೇ ಹೇಳ್ಬಿಟ್ಟಿದಾರೆ, ಅಂದ್ರೆ ಒಳ್ಳೆ ಬಲ್ಬ್ ಎಲ್ಲಾ ಗುಡಿಸಿ ಆಚೆ ಹಾಕಿ ಆಯ್ತು, ಉಳಿದಿರೋದು 32 ಮಾತ್ರ.

ಹಾಗಾಗಿ ಪ್ರಾಬಬಿಲಿಟಿ ಲೆಕ್ಕ ಯಾವುದೇ ಬರ್ಲಿ, ಫಾರ್ಮುಲಾ ಬರೆಯೋಕೆ ಮುಂಚೆ ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರ್ಕೊಳ್ಳಿ: ಯಾವುದರ ಪೈಕಿ? ನಾನು ತುಂಬಾ ವರ್ಷ ಪಾಠ ಹೇಳಿದೀನಿ, ಕಂಡಿಷನಲ್ ಪ್ರಾಬಬಿಲಿಟಿಲಿ ಮಾರ್ಕ್ಸ್ ಹೋಗೋದು ಗುಣಾಕಾರದಲ್ಲಿ ಅಲ್ಲ, ಈ ಪೈಕಿಯಲ್ಲಿ.

ಇಂಡಿಪೆಂಡೆಂಟ್ ವಿಷಯಕ್ಕೂ ಇದೇ ಪ್ರಶ್ನೆ ಸಾಕು. ಒಂದು ದಾಳ ತಗೊಳ್ಳಿ. ಸಮಸಂಖ್ಯೆ ಬೀಳೋದು ಒಂದು ಘಟನೆ, 4 ಅಥವಾ ಅದಕ್ಕಿಂತ ಕಮ್ಮಿ ಬೀಳೋದು ಇನ್ನೊಂದು. ಇವೆರಡು ಇಂಡಿಪೆಂಡೆಂಟಾ ಅಲ್ವಾ, ನೀವೇ ಹೇಳಿ ನೋಡೋಣ, ನಾನು ರಾತ್ರಿ ಬಂದು ನೋಡ್ತೀನಿ.

ರಾತ್ರಿ_ಓದು:

ನಂದೂ ಅದೇ ಸೆಮಿಸ್ಟರ್, ನಾನೂ ಓದ್ತಾ ಇದೀನಿ. ಬಲ್ಬ್ ಲೆಕ್ಕ ಓದಿ ನಂಗೂ ಈಗ ಕ್ಲಿಯರ್ ಆಯ್ತು, ಥ್ಯಾಂಕ್ಸ್ ಸರ್.

ನಾನು ಕಲ್ತಿರೋ ಒಂದು ಹೇಳ್ತೀನಿ, ಪ್ರಶ್ನೆಲಿ "ಕನಿಷ್ಠ ಒಂದು" ಅಂತ ಕಂಡ ತಕ್ಷಣ ಉಲ್ಟಾ ಮಾಡಿ, ಒಂದೂ ಬೀಳದೇ ಇರೋದನ್ನ ಕಂಡುಹಿಡಿದು 1ರಿಂದ ಕಳೀರಿ. ಇದಕ್ಕೆ ಒಂದು ಹಳೇ ಕಥೆ ಇದೆ, 1654ರಲ್ಲಿ ಗಣಿತಜ್ಞ ಪಾಸ್ಕಲ್ ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಬರೆದ ಪತ್ರದಲ್ಲೇ ಇರೋದು. ಒಂದು ದಾಳನ 4 ಸಲ ಎಸೆದು ಒಂದಾದ್ರೂ 6 ಬೀಳಿಸೋದು ಲಾಭದ ಪಂದ್ಯ, ಹಾಗಾದ್ರೆ ಎರಡು ದಾಳನ 24 ಸಲ ಎಸೆದು ಒಂದಾದ್ರೂ ಜೋಡಿ 6 ಬೀಳಿಸೋದೂ ಅಷ್ಟೇ ಲಾಭ ಇರ್ಬೇಕಲ್ವಾ, 6ಕ್ಕೆ 4 ಆದ್ರೆ 36ಕ್ಕೆ 24 ಅಂತ. ಆಗಲ್ಲ. ಮೊದಲನೇದು 6ರಲ್ಲಿ 5ನ್ನ ನಾಲ್ಕು ಸಲ ಗುಣಿಸಿ 1ರಿಂದ ಕಳೆದ್ರೆ 0.518, ಎರಡನೇದು 36ರಲ್ಲಿ 35ನ್ನ 24 ಸಲ ಗುಣಿಸಿ ಕಳೆದ್ರೆ 0.491. ಅರ್ಧದ ಆಚೆ ಒಂದು, ಈಚೆ ಒಂದು. ಅನುಪಾತ ಹಾಕಿ ಉತ್ತರ ಊಹಿಸೋ ಅಭ್ಯಾಸ ನಂಗೆ ಬಿಟ್ಟೋಗಿದ್ದು ಇದನ್ನ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿದ ದಿನ.

ಕಾನ್ಫಿಡೆನ್ಸ್ ಇಂಟರ್ವಲ್ (ಸ್ಯಾಂಪಲ್‌ನಿಂದ ನಿಜವಾದ ಮೀನ್‌ಗೆ ಅಂದಾಜು ಮಾಡೋ ವ್ಯಾಪ್ತಿ) ಬಂದ್ರೆ ಸುಲಭ, 95% ಇಂಟರ್ವಲ್ 66ರಿಂದ 74 ಅಂತ ಬಂದ್ರೆ ನಿಜವಾದ ಮೀನ್ ಅದರೊಳಗೆ ಇರೋ ಪ್ರಾಬಬಿಲಿಟಿ 95% ಅಂತ ಬರೆದ್ರೆ ಆಯ್ತು.

ಗಂಟೆ_ವಕ್ರ:

ಮೇಲಿನ ಕೊನೆ ಸಾಲು ಮಾತ್ರ ಹಾಗೆ ಬರೀಬೇಡಿ ಪ್ಲೀಸ್, ಮಾರ್ಕ್ಸ್ ಕಟ್ ಆಗುತ್ತೆ. ಈ ಕೋರ್ಸ್‌ನಲ್ಲಿ ನಿಜವಾದ ಮೀನ್ ಅನ್ನೋದು ಒಂದೇ ಒಂದು ಸಂಖ್ಯೆ, ನಮಗೆ ಗೊತ್ತಿಲ್ಲ ಅಷ್ಟೇ, ಅದು ಅಲ್ಲಾಡಲ್ಲ. ಅಲ್ಲಾಡೋದು ಇಂಟರ್ವಲ್, ಸ್ಯಾಂಪಲ್ ಬದಲಾದ ಹಾಗೆಲ್ಲಾ ಅದೂ ಬದಲಾಗುತ್ತೆ. ಇದೇ ಥರ ಮತ್ತೆ ಮತ್ತೆ ಸ್ಯಾಂಪಲ್ ತಗೊಂಡು ಇಂಟರ್ವಲ್ ಕಟ್ತಾ ಹೋದ್ರೆ 100 ಇಂಟರ್ವಲ್‌ಗಳ ಪೈಕಿ ಸುಮಾರು 95ರಲ್ಲಿ ನಿಜವಾದ ಮೀನ್ ಸಿಕ್ಕಿರುತ್ತೆ, ಅಷ್ಟೇ ಅದರ ಅರ್ಥ. ಟ್ಯೂಟರ್ ಸರ್ ಹೇಳಿದ ಪೈಕಿ ಇಲ್ಲೂ ಬಂತು ನೋಡಿ, ಮೀನ್‌ಗಳ ಪೈಕಿ ಅಲ್ಲ, ಇಂಟರ್ವಲ್‌ಗಳ ಪೈಕಿ.

ಈಗ ಎನ್ ಮೈನಸ್ 1. ಇದನ್ನ ಬಾಯಲ್ಲಿ ವಿವರಿಸೋಕಿಂತ ಕೈಯಲ್ಲಿ ಮಾಡಿ ನೋಡೋದು ವಾಸಿ, ಹತ್ತು ನಿಮಿಷದ ಕೆಲಸ. ಇಡೀ ಪಾಪ್ಯುಲೇಷನ್ ಅಂದ್ರೆ ಮೂರೇ ಸಂಖ್ಯೆ ಅಂದ್ಕೊಳ್ಳಿ, 2, 4, 6. ಮೀನ್ 4. ವೇರಿಯನ್ಸ್ ಅಂದ್ರೆ ಮೀನ್‌ನಿಂದ ಇರೋ ಅಂತರಗಳ ವರ್ಗ ಕೂಡಿ, 4 ಪ್ಲಸ್ 0 ಪ್ಲಸ್ 4, ಅದನ್ನ 3ರಿಂದ ಭಾಗಿಸಿ, 8/3, ಅಂದ್ರೆ 2.67. ಈಗ ಇದರಿಂದ ಎರಡೆರಡು ಸಂಖ್ಯೆಯ ಸ್ಯಾಂಪಲ್ ತೆಗೀರಿ, ತೆಗೆದಿದ್ದನ್ನ ವಾಪಸ್ ಹಾಕಿ. ಒಟ್ಟು 9 ಸ್ಯಾಂಪಲ್ ಬರುತ್ತೆ. ಮೂರರಲ್ಲಿ ಎರಡೂ ಒಂದೇ ಸಂಖ್ಯೆ, ಅಲ್ಲಿ ವೇರಿಯನ್ಸ್ 0. ನಾಲ್ಕರಲ್ಲಿ ಅಂತರ 2, ಎನ್‌ನಿಂದ ಭಾಗಿಸಿದ್ರೆ ವೇರಿಯನ್ಸ್ 1. ಇನ್ನೆರಡರಲ್ಲಿ ಅಂತರ 4, ವೇರಿಯನ್ಸ್ 4. ಎಲ್ಲಾ ಕೂಡಿದ್ರೆ 12, 9ರಿಂದ ಭಾಗಿಸಿದ್ರೆ ಸರಾಸರಿ 1.33. ಬರಬೇಕಾಗಿದ್ದು 2.67, ಬಂದಿದ್ದು ಅದರ ಅರ್ಧ! ಅದೇ 9 ಸ್ಯಾಂಪಲ್‌ಗೆ ಎನ್ ಮೈನಸ್ 1, ಅಂದ್ರೆ 1ರಿಂದ ಭಾಗಿಸಿ, ಎಲ್ಲಾ ಡಬಲ್ ಆಗುತ್ತೆ, ಸರಾಸರಿ ಕರೆಕ್ಟಾಗಿ 2.67.

ಯಾಕೆ ಹೀಗೆ ಅಂದ್ರೆ ನಾವು ಅಂತರ ಅಳೀತಿರೋದು ನಿಜವಾದ ಮೀನ್‌ನಿಂದ ಅಲ್ಲ, ಸ್ಯಾಂಪಲ್‌ನ ಸ್ವಂತ ಮೀನ್‌ನಿಂದ, ಅದು ಯಾವಾಗ್ಲೂ ಆ ಸ್ಯಾಂಪಲ್‌ನ ನಟ್ಟನಡುವೆ ಕೂತಿರುತ್ತೆ, ಹಾಗಾಗಿ ಹರಡಿಕೆ ಇರೋದಕ್ಕಿಂತ ಕಮ್ಮಿ ಕಾಣುತ್ತೆ. ಆ ಕೊರತೆ ತುಂಬೋಕೆ ಎನ್ ಮೈನಸ್ 1.

ಇದೇ ಮೂರು ಸಂಖ್ಯೆನ ಎಕ್ಸಾಂ ಹಾಲ್‌ನಲ್ಲಿ ಕೂತ ತಕ್ಷಣ ಕ್ಯಾಲ್ಕುಲೇಟರ್‌ಗೆ ಹಾಕಿ ನೋಡಿ. ಸ್ಟ್ಯಾಂಡರ್ಡ್ ಡೀವಿಯೇಷನ್ (ವೇರಿಯನ್ಸ್‌ನ ವರ್ಗಮೂಲ) 2 ಬಂದ್ರೆ ಅದು ಎನ್ ಮೈನಸ್ 1 ಬಟನ್, 1.633 ಬಂದ್ರೆ ಪಾಪ್ಯುಲೇಷನ್ ಬಟನ್. ಯಾವ ಬಟನ್ ಯಾವುದು ಅಂತ ಮರ್ತೋಗೋ ಭಯನೇ ಇರಲ್ಲ.

ರಾತ್ರಿ_ಓದು:

ಹೌದು, ಇಂಟರ್ವಲ್ ಸಾಲು ತಪ್ಪು ಬರೆದಿದ್ದೆ, ಅದನ್ನ ಯಾರೂ ಫಾಲೋ ಮಾಡಬೇಡಿ. ನೋಟ್ಸ್‌ನಲ್ಲೂ ಈಗಲೇ ತಿದ್ಕೊಂಡೆ.

ಕೊನೆಬೆಂಚು_22:

9 ಸ್ಯಾಂಪಲ್ ಕೂತು ಬರೆದೆ, ನಿಜವಾಗ್ಲೂ 2.67 ಬಂತು! ಇಷ್ಟು ದಿನ ಯಾರೋ ಹೇಳಿದ್ರು ಅಂತ ಮೈನಸ್ 1 ಹಾಕ್ತಿದ್ದೆ.

ದಾಳದ್ದು ಟ್ರೈ ಮಾಡಿದೆ ಸರ್. 6 ಮುಖದ ಪೈಕಿ ಸಮಸಂಖ್ಯೆ 3, ಅಂದ್ರೆ ಅರ್ಧ. 1, 2, 3, 4 ಇವುಗಳ ಪೈಕಿ ಸಮಸಂಖ್ಯೆ 2, ಅದೂ ಅರ್ಧ. ಪೈಕಿ ಬದಲಾದ್ರೂ ಉತ್ತರ ಬದಲಾಗಿಲ್ಲ, ಹಾಗಾಗಿ ಇಂಡಿಪೆಂಡೆಂಟ್, ಸರೀನಾ? ಆದ್ರೆ 2 ಮತ್ತೆ 4 ಎರಡರಲ್ಲೂ ಇದೆಯಲ್ಲ, ಕಾಮನ್ ಇದ್ರೆ ಇಂಡಿಪೆಂಡೆಂಟ್ ಹೇಗಾಗುತ್ತೆ ಅಂತ ಒಂಚೂರು ಕನ್ಫ್ಯೂಸ್ ಆಯ್ತು.

ಹಳೇ_ಟ್ಯೂಟರ್:

ಪೂರ್ತಿ ಸರಿ. ಕನ್ಫ್ಯೂಷನ್ ಬಂದಿದ್ದೂ ಒಳ್ಳೇದೇ ಆಯ್ತು. ಕಾಮನ್ ಏನೂ ಇಲ್ಲದೇ ಇರೋದಕ್ಕೆ ಮ್ಯೂಚುವಲಿ ಎಕ್ಸ್‌ಕ್ಲೂಸಿವ್ ಅಂತಾರೆ, ಅದು ಇಂಡಿಪೆಂಡೆಂಟ್‌ಗೆ ಹೆಚ್ಚುಕಮ್ಮಿ ವಿರುದ್ಧ ದಿಕ್ಕು. ಒಂದೇ ಎಸೆತದಲ್ಲಿ 1 ಬಿತ್ತು ಅಂತ ಹೇಳಿದ್ರೆ 6 ಬೀಳೋ ಪ್ರಾಬಬಿಲಿಟಿ 1/6 ಇದ್ದಿದ್ದು ಸೀದಾ 0ಗೆ ಇಳಿಯುತ್ತೆ. ಒಂದರ ಸುದ್ದಿ ಗೊತ್ತಾದ್ರೆ ಇನ್ನೊಂದರ ಬಗ್ಗೆ ಎಲ್ಲಾ ಗೊತ್ತಾಯ್ತು, ಅದನ್ನ ಸ್ವತಂತ್ರ ಅಂತ ಹೇಗೆ ಕರೆಯೋದು? ಈಗ 4ರ ಬದಲು "3 ಅಥವಾ ಕಮ್ಮಿ" ಅಂತ ಮಾಡಿ ನೋಡಿ, 1, 2, 3ರ ಪೈಕಿ ಸಮಸಂಖ್ಯೆ ಒಂದೇ, ಅರ್ಧ ಇದ್ದಿದ್ದು ಮೂರನೇ ಒಂದು ಭಾಗ ಆಯ್ತು, ಇಂಡಿಪೆಂಡೆಂಟ್ ಹೋಯ್ತು. ಚಿತ್ರ ನೋಡಿ ಹೇಳೋಕಾಗಲ್ಲ ಇದನ್ನ, ಎಣಿಸ್ಲೇಬೇಕು.

ಪಿ ವ್ಯಾಲ್ಯೂಗೆ ಬರ್ತೀನಿ. ನಾಣ್ಯನ 10 ಸಲ ಚಿಮ್ಮಿದ್ರಿ, 8 ಹೆಡ್ ಬಿತ್ತು. ನಾಣ್ಯದಲ್ಲಿ ಏನೋ ಮೋಸ ಇದೆಯಾ? ನಲ್ ಹೈಪಾಥಿಸಿಸ್ ಅಂದ್ರೆ ನಾಣ್ಯ ಸರಿಯಿದೆ ಅಂತ ಒಪ್ಕೊಂಡು ಹೊರಡೋದು. ಸರಿಯಿರೋ ನಾಣ್ಯಕ್ಕೆ 10 ಚಿಮ್ಮಿಗೆ 1024 ಥರ ಫಲಿತಾಂಶ, ಎಲ್ಲಕ್ಕೂ ಸಮಾನ ಅವಕಾಶ. 8 ಹೆಡ್ ಬರೋ ರೀತಿ 45, 9 ಬರೋದು 10, 10 ಬರೋದು 1. ಒಟ್ಟು 56. ಸರಿಯಿರೋ ನಾಣ್ಯದ 1024 ಫಲಿತಾಂಶದ ಪೈಕಿ 56, ಅಂದ್ರೆ 0.055. ಇದೇ ಪಿ ವ್ಯಾಲ್ಯೂ, ಅಂದ್ರೆ ನಲ್ ನಿಜ ಅಂದ್ಕೊಂಡ್ರೆ ಇಷ್ಟು ಅಥವಾ ಇದಕ್ಕಿಂತ ವಿಪರೀತ ಫಲಿತಾಂಶ ಬರೋ ಪ್ರಾಬಬಿಲಿಟಿ. ಎರಡೂ ಕಡೆ ನೋಡ್ಬೇಕು ಅಂದ್ರೆ 8 ಟೇಲ್ ಅಥವಾ ಜಾಸ್ತಿನೂ ಸೇರ್ಸಿ 112, ಅಂದ್ರೆ 0.109. 5% ಲೆವೆಲ್‌ಗೆ ಇದು ಸಾಲಲ್ಲ, ನಲ್‌ನ ರಿಜೆಕ್ಟ್ ಮಾಡೋಕಾಗಲ್ಲ.

ಗಮನಿಸಿ, ಈ ಲೆಕ್ಕ ಪೂರ್ತಿ ನಡೆದಿದ್ದು ನಾಣ್ಯ ಸರಿಯಿದೆ ಅನ್ನೋ ಲೋಕದ ಒಳಗೆ. ಹಾಗಿರುವಾಗ ಪಿ ವ್ಯಾಲ್ಯೂ ಅಂದ್ರೆ ನಾಣ್ಯ ಸರಿಯಿರೋ ಪ್ರಾಬಬಿಲಿಟಿ ಅಂತ ಬರೆಯೋದು, 400ರ ಪೈಕಿ 20ನ್ನ 32ರ ಪೈಕಿ 20 ಅಂತ ಬರೆದ ಹಾಗೆ. ನಿಮ್ಮ ಬಲ್ಬ್ ತಪ್ಪೇ ಇದು, ವೇಷ ಬೇರೆ. ಮತ್ತೆ ಉತ್ತರದ ಕೊನೆಲಿ "ನಲ್ ನಿಜ ಅಂತ ಸಾಬೀತಾಯ್ತು" ಅಂತ ಬರೀಬೇಡಿ, ರಿಜೆಕ್ಟ್ ಮಾಡೋಕೆ ಸಾಕಷ್ಟು ಸಾಕ್ಷ್ಯ ಸಿಗ್ಲಿಲ್ಲ ಅಂತ ಬರೀರಿ.

ಗಂಟೆ_ವಕ್ರ:

ಇನ್ನೊಂದು ಹೇಳ್ಬಿಡ್ತೀನಿ, ಇದು ಪ್ರತೀ ಪೇಪರ್‌ನಲ್ಲೂ ಒಂದು ಇದ್ದೇ ಇರುತ್ತೆ. ಮೀನ್ 70, ಸ್ಟ್ಯಾಂಡರ್ಡ್ ಡೀವಿಯೇಷನ್ 12, ನಾರ್ಮಲ್. ಒಬ್ಬರ ಮಾರ್ಕ್ಸ್ 76ಕ್ಕಿಂತ ಜಾಸ್ತಿ ಇರೋ ಪ್ರಾಬಬಿಲಿಟಿ ಕೇಳಿದ್ರೆ ಝಡ್ (ಮೀನ್‌ನಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ದೂರ ಅಂತ) 0.5, ಉತ್ತರ 0.3085. ಅದೇ 36 ಜನರ ಸರಾಸರಿ 76ಕ್ಕಿಂತ ಜಾಸ್ತಿ ಇರೋದು ಅಂತ ಕೇಳಿದ್ರೆ 12ನ್ನ 36ರ ವರ್ಗಮೂಲ 6ರಿಂದ ಭಾಗಿಸಿ 2 ತಗೋಬೇಕು, ಝಡ್ 3, ಉತ್ತರ 0.0013. ಒಬ್ಬರು ಆರು ಮಾರ್ಕ್ಸ್ ಮೇಲೆ ಹೋಗೋದು ಮಾಮೂಲಿ, 36 ಜನ ಸೇರಿ ಸರಾಸರಿನೇ ಆರು ಮಾರ್ಕ್ಸ್ ಎತ್ತೋದು ಅಪರೂಪ. "ಸರಾಸರಿ" ಅನ್ನೋ ಪದದ ಕೆಳಗೆ ಗೆರೆ ಎಳ್ಕೊಳ್ಳಿ.

ಎಷ್ಟು ಸಲ ಆಗುತ್ತೆ ಅಂತ ಎಣಿಸೋ ಲೆಕ್ಕದಲ್ಲಿ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ನಾ ಪಾಯ್ಸಾನಾ ಅಂತ ಗೊಂದಲ ಆದ್ರೆ, ಒಟ್ಟು ಎಷ್ಟು ಪ್ರಯತ್ನ ಅಂತ ಪ್ರಶ್ನೆಲಿ ಇದೆಯಾ ನೋಡಿ. 10ರಲ್ಲಿ ಎಷ್ಟು ಅಂತಿದ್ರೆ ಬೈನಾಮಿಯಲ್. ಗಂಟೆಗೆ ಎಷ್ಟು, ವರ್ಷಕ್ಕೆ ಎಷ್ಟು, ಸರಾಸರಿ ಮಾತ್ರ ಕೊಟ್ಟಿದಾರೆ ಅಂದ್ರೆ ಪಾಯ್ಸಾನ್. 1898ರಲ್ಲಿ ಬೋರ್ಟ್‌ಕೀವಿಚ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಪ್ರಷ್ಯಾ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ತೆಗೆದಿದ್ದು ನಂಗೆ ಬಹಳ ಇಷ್ಟ: 10 ದಳದ 20 ವರ್ಷದ ದಾಖಲೆ, ಒಂದು ದಳದ ಒಂದು ವರ್ಷಕ್ಕೆ ಒಂದು ಸಾಲು ಅಂದ್ರೆ 200 ಸಾಲು, ಒಟ್ಟು 122 ಸಾವು, ಸರಾಸರಿ 0.61. ಪಾಯ್ಸಾನ್ ಪ್ರಕಾರ ಒಂದೂ ಸಾವಿಲ್ಲದ ಸಾಲು 108.7 ಇರ್ಬೇಕು, ದಾಖಲೆಲಿ ಇದ್ದಿದ್ದು 109. ಒಂದ್ಸಲ ಕೈಯಾರೆ ಮಾಡಿ ನೋಡಿ, ಪಾಯ್ಸಾನ್ ಫಾರ್ಮುಲಾ ಆಮೇಲೆ ಮರೆಯಲ್ಲ.

ಕೊನೆಬೆಂಚು_22:

ನಿಮ್ಮೆಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ. ಇವತ್ತು ಹಳೇ ಮಾಕ್ ಪೇಪರ್ ತೆಗೆದು ತಪ್ಪಾಗಿದ್ದ 11 ಲೆಕ್ಕದ ಪಕ್ಕದಲ್ಲೂ "ಯಾವುದರ ಪೈಕಿ" ಅಂತ ಬರೆದು ಮತ್ತೆ ಮಾಡಿದೆ, ಪುಸ್ತಕ ಮುಚ್ಚಿಟ್ಟು. 7 ಸರಿ ಬಂತು. ಎರಡು ಕೂಡೋದರಲ್ಲಿ ತಪ್ಪು. ಇನ್ನೆರಡು ಮಾತ್ರ ಪರ್ಮ್ಯುಟೇಷನ್ ಕಾಂಬಿನೇಷನ್, ಅಲ್ಲಿ ಪೈಕಿ ಕೇಳಿದ್ರೂ ಕೆಲಸಕ್ಕೆ ಬರ್ಲಿಲ್ಲ. 10 ಜನರಲ್ಲಿ 3 ಜನರ ಕಮಿಟಿ ಎಷ್ಟು ರೀತಿ ಮಾಡ್ಬಹುದು ಅಂತ, ನಾನು 720 ಬರೆದೆ, ಉತ್ತರ 120 ಇದೆ.

ಹಳೇ_ಟ್ಯೂಟರ್:

ಅಲ್ಲಿ ಬೇರೆ ಪ್ರಶ್ನೆ ಕೇಳ್ಕೋಬೇಕು. ಆರಿಸಿದ ಮೂರು ಹೆಸರನ್ನ ಚೀಟಿಲಿ ಬರೆದು ಜಾಗ ಅದಲುಬದಲು ಮಾಡಿ. ಈಗ ಆಗಿದ್ದು ಅದೇ ಕಮಿಟಿನಾ, ಬೇರೆ ಕಮಿಟಿನಾ? ಅದೇ ಆದ್ರೆ ಒಂದೇ ಕಮಿಟಿನ ನೀವು 6 ಸಲ ಎಣಿಸಿದೀರ, 720ನ್ನ 6ರಿಂದ ಭಾಗಿಸಿ. ಪ್ರಶ್ನೆಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಂತ ಇದ್ದಿದ್ರೆ ನೀವು ಬರೆದ 720ನೇ ಸರಿ ಆಗ್ತಿತ್ತು. ಇನ್ನೊಂದು ಲೆಕ್ಕನೂ ಹಾಕಿ, ನೋಡೋಣ.